ಹಬ್ಬದ ದಿನ ಸಿಗ್ನಲ್ ಮುಂದೆ

ವಿಜಯದಶಮಿಯ ಬೆಳಗ್ಗೆ ಉತ್ತರ ಬೆಂಗಳೂರಿನ ರಸ್ತೆಗಳ ಚಹರೆಯೇ ಬೇರೆ. ಹಿಂದಿನ ದಿನ ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ರಸ್ತೆಯಂಚಿಗೆ ಸರಿದಿರುತ್ತವೆ. ಊರಿಗೆ ಹೋಗುವವರು ಯಶವಂತಪುರದಲ್ಲಿ ರೈಲು ಹತ್ತಿಯಾಗಿದೆ. ಗೊರಗುಂಟೆಪಾಳ್ಯದಲ್ಲಿ ತುಮಕೂರು ಕಡೆಯ ಬಸ್ಸಿಗೆ ಕಾದವರೂ ಹೊರಟಾಗಿದೆ. ಇಲ್ಲಿನ ಸಿಂಗಾಪುರ ಎಂಬ ಬಡಾವಣೆಯಿಂದ ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್ ದಾಟಿ ಬಿಇಎಲ್ ಸರ್ಕಲ್ಲಿಗೆ ಬರುವ ದಾರಿಯಲ್ಲಿ ಬೇರೆ ದಿನ ಬಸ್ಸು, ನೀರಿನ ಟ್ಯಾಂಕರ್, ಶಾಲಾ ವ್ಯಾನುಗಳ ಸಂದಿಯಲ್ಲಿ ನುಸುಳಬೇಕು. ಅಂದು ಮಾತ್ರ ಫುಟ್‌ಪಾತ್ ಮೇಲೆ ನಿಂತು, ತಲೆಯೆತ್ತಿ, ನಿಧಾನವಾಗಿ ನೋಡಬಹುದು. ನೋಡಬೇಕಾದವು ನಾವು ದಿನವೂ ಪಾಲಿಸುವ, ಆದರೆ ಗಮನವಿಟ್ಟು ನೋಡದ ವಸ್ತುಗಳು: ಸಿಗ್ನಲ್ ದೀಪಗಳು ಮತ್ತು ರಸ್ತೆಯ ಬೋರ್ಡುಗಳು.

ಇವುಗಳ ಫೋಟೊ ತೆಗೆಯುವುದನ್ನೇ ಹವ್ಯಾಸ ಮಾಡಿಕೊಂಡವರು ಜಗತ್ತಿನ ಎಷ್ಟೋ ಊರುಗಳಲ್ಲಿದ್ದಾರೆ. ವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ ಅದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗುವುದಿಲ್ಲ. ಏಕೆಂದರೆ ಸಿಗ್ನಲ್ ಮತ್ತು ಬೋರ್ಡುಗಳನ್ನು ರೂಪಿಸಿರುವುದು ಮನುಷ್ಯನ ಕಣ್ಣಿಗಾಗಿ, ಕ್ಯಾಮೆರಾಕ್ಕಾಗಿ ಅಲ್ಲ. ಫೋಟೊದಲ್ಲಿ ಅವು 'ಸರಿಯಾಗಿ ಬಾರದೆ' ಹೋದಾಗಲೆಲ್ಲ, ಅವುಗಳೊಳಗೆ ಏನು ನಡೆಯುತ್ತಿದೆ ಎಂಬುದು ಬಯಲಾಗುತ್ತದೆ. ಹೊರಡುವ ಮುನ್ನ ಒಂದು ಎಚ್ಚರಿಕೆ: ಈ ಭಾಗದಲ್ಲಿ ಯಲಹಂಕ ಮತ್ತು ಜಾಲಹಳ್ಳಿಯ ವಾಯುಪಡೆ ನೆಲೆಗಳಿವೆ, ಬಿಇಎಲ್ ಕಾರ್ಖಾನೆಯಿದೆ. ಅವುಗಳ ಗೋಡೆ, ಗೇಟಿನ ಕಡೆ ಕ್ಯಾಮೆರಾ ತಿರುಗಿಸಬೇಡಿ. ನಡುರಸ್ತೆಗೂ ಇಳಿಯಬೇಡಿ, ಖಾಲಿ ರಸ್ತೆಯಲ್ಲಿ ವಾಹನಗಳು ಹೆಚ್ಚು ವೇಗವಾಗಿ ಬರುತ್ತವೆ. ಆ ವೇಗದ ಲೆಕ್ಕಕ್ಕೆ ಮುಂದೆ ಬರೋಣ.

ಮೊದಲು ಸೂರ್ಯ. ಬೆಂಗಳೂರು ಖಾಲಿಯಾಗುವ ದೊಡ್ಡ ಹಬ್ಬಗಳು ಯುಗಾದಿ ಮತ್ತು ದಸರಾ. ಹಗಲು ಇರುಳು ಸಮವಾಗುವ ವಿಷುವ ದಿನಗಳಿಂದ, ಅಂದರೆ ಮಾರ್ಚ್ 20 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಿಂದ, ಇವೆರಡೂ ಹೆಚ್ಚು ದೂರವಿರುವುದಿಲ್ಲ. ಆ ದಿನಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟುತ್ತಾನೆ. ಗೊರಗುಂಟೆಪಾಳ್ಯದಿಂದ ಬಿಇಎಲ್ ಸರ್ಕಲ್ ಹಾದು ಹೆಬ್ಬಾಳಕ್ಕೆ ಹೋಗುವ ಹೊರವರ್ತುಲ ರಸ್ತೆಯೂ ಬಹುಮಟ್ಟಿಗೆ ಪಶ್ಚಿಮದಿಂದ ಪೂರ್ವಕ್ಕೇ ಸಾಗುತ್ತದೆ. ಹೀಗಾಗಿ ಹಬ್ಬದ ಬೆಳಗ್ಗೆ ಹೆಬ್ಬಾಳದ ಕಡೆ ಹೋಗುವವರಿಗೆ ಸಿಗ್ನಲ್ಲಿನ ಹಿಂದೆಯೇ ಸೂರ್ಯ ಇರುತ್ತಾನೆ, ದೀಪ ಮಂಕಾಗಿ ಕಾಣುತ್ತದೆ. ಎದುರು ದಿಕ್ಕಿನಲ್ಲಿ ಬರುವವರಿಗೆ ಇನ್ನೊಂದು ತೊಂದರೆ: ಬೆನ್ನ ಹಿಂದಿನ ಬಿಸಿಲು ನೇರ ದೀಪದ ಮುಖಕ್ಕೇ ಬೀಳುತ್ತದೆ. ಬಲ್ಬಿನ ಹಳೆಯ ಸಿಗ್ನಲ್ಲುಗಳಲ್ಲಿ ಬಲ್ಬಿನ ಹಿಂದೆ ಬಟ್ಟಲಿನಂಥ ಕನ್ನಡಿ ಇರುತ್ತಿತ್ತು. ಬಿಸಿಲು ಬಣ್ಣದ ಗಾಜಿನ ಮೂಲಕ ಒಳಹೊಕ್ಕು, ಆ ಕನ್ನಡಿಗೆ ಬಡಿದು, ಅದೇ ಬಣ್ಣ ತಾಳಿ ಹೊರಬರುತ್ತಿತ್ತು. ಉರಿಯದ ದೀಪವೂ ಉರಿದಂತೆ ಕಾಣುತ್ತಿತ್ತು. ದೀಪದ ಮೇಲಿನ ಕಪ್ಪು ಮುಚ್ಚಿಗೆ, ಸುತ್ತಲಿನ ಕಪ್ಪು ಹಲಗೆ ಇರುವುದು ಈ ಕಾರಣಕ್ಕೆ. ಎಲ್‌ಇಡಿ ಬಂದ ಮೇಲೆ ಕನ್ನಡಿಯ ಅಗತ್ಯವೇ ಹೋಯಿತು, ಸಮಸ್ಯೆಯೂ ಬಹುಪಾಲು ಹೋಯಿತು.

ಆದರೆ ಎಲ್‌ಇಡಿ ಬೇರೊಂದು ವಿಚಿತ್ರವನ್ನು ತಂದಿತು. ಹಗಲಿನಲ್ಲಿ ಸಿಗ್ನಲ್ಲಿನ ಟೈಮರ್ 47 ಎಂದು ತೋರಿಸುತ್ತಿರುವಾಗ ಫೋನಿನ ಪ್ರೊ ಮೋಡಿಗೆ ಹೋಗಿ ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕೆ ಇಟ್ಟು ಕ್ಲಿಕ್ಕಿಸಿ. ಫೋಟೊದಲ್ಲಿ ನಾಲ್ಕು ಮಾತ್ರ ಇರಬಹುದು, ಏಳು ಇಲ್ಲ. ಇನ್ನೊಮ್ಮೆ ತೆಗೆದರೆ ಏಳಿನ ಮೇಲಿನ ಗೆರೆಯಷ್ಟೇ ಬರಬಹುದು. ಮತ್ತೊಮ್ಮೆ ಎಲ್ಲವೂ ಕಪ್ಪು. ಟೈಮರ್ ಕೆಟ್ಟಿಲ್ಲ. ವೈರು ಮತ್ತು ಬಿಡಿಭಾಗಗಳ ಖರ್ಚು ಉಳಿಸಲು ಇಂಥ ಟೈಮರುಗಳಲ್ಲಿ ಅಂಕಿಗಳನ್ನು ಸರದಿಯಂತೆ ಉರಿಸುತ್ತಾರೆ. ಒಂದು ಉರಿಯುವಾಗ ಇನ್ನೊಂದು ಆರಿರುತ್ತದೆ. ಸೆಕೆಂಡಿಗೆ ನೂರಾರು ಬಾರಿ ಹೀಗಾಗುವುದರಿಂದ ಕಣ್ಣಿಗೆ ಎರಡೂ ಒಟ್ಟಿಗೇ ಕಾಣುತ್ತವೆ. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಬಾರಿ ಮಿನುಗುವ ಬೆಳಕನ್ನು ನಮ್ಮ ಕಣ್ಣು ಸಾಮಾನ್ಯವಾಗಿ ನಿರಂತರ ಬೆಳಕೆಂದೇ ಗ್ರಹಿಸುತ್ತದೆ.

ದೀಪಕ್ಕೂ ಇದೇ ಮಾತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಒಳಗಿನ ಸರ್ಕ್ಯೂಟ್ ಅದನ್ನು ಏಕಮುಖ ವಿದ್ಯುತ್ತಾಗಿ (ಡಿ.ಸಿ.) ಬದಲಿಸುವಾಗ ಚೆನ್ನಾಗಿ ನಯಗೊಳಿಸದಿದ್ದರೆ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ, ಅಂದರೆ 10 ಮಿಲಿಸೆಕೆಂಡಿಗೆ ಒಮ್ಮೆ. ಒಂದು ಮಿಲಿಸೆಕೆಂಡಿನ ಶಟರ್ ಆ ಇಳಿತಕ್ಕೆ ಸರಿಯಾಗಿ ತೆರೆದರೆ ಹಸಿರಿಲ್ಲ, ಕೆಂಪಿಲ್ಲ, ಮೂರೂ ದೀಪ ಆರಿದ ಸಿಗ್ನಲ್ ಫೋಟೊದಲ್ಲಿ ಸಿಗುತ್ತದೆ. ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಳಿಸಿ. ಆಗ ಎರಡು ಪೂರ್ತಿ ಮಿನುಗು ಅದರೊಳಗೆ ಸೇರಿ ದೀಪ ಪೂರ್ಣವಾಗಿ ಬರುತ್ತದೆ. ಒಳ್ಳೆಯ ಡ್ರೈವರ್ ಸರ್ಕ್ಯೂಟ್ ಇರುವ ದೀಪ ಯಾವ ವೇಗದಲ್ಲೂ ಉರಿದಂತೆಯೇ ಬರುತ್ತದೆ. ಹೀಗೆ ಕಂಬದ ಕೆಳಗೆ ನಿಂತೇ ದೀಪದ ಸರ್ಕ್ಯೂಟಿನ ಗುಣಮಟ್ಟ ಅಳೆಯಬಹುದು.

ಇನ್ನು ಬಣ್ಣ. ಮುಸ್ಸಂಜೆ ತೆಗೆದ ಫೋಟೊಗಳಲ್ಲಿ ಕೆಂಪು ದೀಪ ಕಿತ್ತಳೆಯಾಗಿ, ಕೆಲವೊಮ್ಮೆ ಬರೀ ಬಿಳಿ ಚುಕ್ಕೆಯಾಗಿ ಕಾಣುವುದುಂಟು. ಕ್ಯಾಮೆರಾದ ಸಂವೇದಕದ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಚೌಕುಳಿ ಇದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸ ಅದು. ದೀಪದ ಕೆಂಪು ಬೆಳಕು ಕೆಂಪು ಚೌಕಗಳನ್ನು ತುಂಬಿ ತುಳುಕಿಸುತ್ತದೆ; ಅಲ್ಲಿಂದಾಚೆ ಅವು ಹೆಚ್ಚಿನ ಬೆಳಕನ್ನು ದಾಖಲಿಸಲಾರವು. ಆದರೆ ಪಕ್ಕದ ಹಸಿರು ಚೌಕಗಳಿಗೂ ಸ್ವಲ್ಪ ಕೆಂಪು ನುಸುಳಿರುತ್ತದೆ, ಅಲ್ಲಿ ಇನ್ನೂ ಜಾಗವಿರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಕಿತ್ತಳೆ, ಹಳದಿ. ಮೂರೂ ತುಂಬಿದರೆ ಬಿಳಿ. ಫೋನಿನ ಪರದೆಯಲ್ಲಿ ದೀಪದ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ಸುತ್ತಲಿನ ರಸ್ತೆ ಕಪ್ಪಾಗುತ್ತದೆ, ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ನಿಲ್ಲು ಎನ್ನಲು ಕೆಂಪೇ ಏಕೆ? ಕೆಂಪು ಬೆಳಕು ಗಾಳಿಯಲ್ಲಿ ಕಡಿಮೆ ಚದುರುತ್ತದೆ, ಆದ್ದರಿಂದ ಮಂಜಿನಲ್ಲೂ ದೂರಕ್ಕೆ ಕಾಣುತ್ತದೆ ಎಂದು ಶಾಲೆಯಲ್ಲಿ ಕೇಳಿರುತ್ತೇವೆ. ಇದರ ಮೊದಲರ್ಧ ಸರಿ, ಎರಡನೆಯದು ಸರಿಯಲ್ಲ. ಗಾಳಿಯ ಅಣುಗಳು 630 ನ್ಯಾನೊಮೀಟರಿನ ಕೆಂಪನ್ನು 450ರ ನೀಲಿಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಚದುರಿಸುತ್ತವೆ ಎಂಬುದು ನಿಜ. ಆದರೆ ಸಿಗ್ನಲ್ಲನ್ನು ನೋಡುವ ನೂರಿನ್ನೂರು ಮೀಟರಿನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಮಾಗಿಯ ಬೆಳಗ್ಗೆ ಯಲಹಂಕ, ದೇವನಹಳ್ಳಿ ಕಡೆ ಕವಿಯುವ ಮಂಜಿನ ಹನಿಗಳಂತೂ ಬೆಳಕಿನ ಅಲೆಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡವು; ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತವೆ. ಕೆಂಪು ನಮಗೆ ಬಂದದ್ದು ರೈಲಿನಿಂದ. 1868ರಲ್ಲಿ ಲಂಡನ್ನಿನ ಸಂಸತ್ತಿನ ಮುಂದೆ ಗ್ಯಾಸ್ ದೀಪದ ಮೊದಲ ಸಿಗ್ನಲ್ ರೂಪಿಸಿದ ಜೆ.ಪಿ. ನೈಟ್ ರೈಲ್ವೆ ಸಿಗ್ನಲ್ ಎಂಜಿನಿಯರ್. ವಿದ್ಯುತ್ ಸಿಗ್ನಲ್ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಉರಿದದ್ದು 1914ರ ಆಗಸ್ಟ್ 5ರಂದು. ಅದಕ್ಕೆ ಸರಿಯಾಗಿ ಒಂಬತ್ತು ವರ್ಷ ಮೊದಲು, 1905ರ ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿತ್ತು; ನಾನು ಎಂದೂ ಮರೆಯದ ತಾರೀಖು ಅದು.

ಹಸಿರು ದೀಪವನ್ನು ಗಮನಿಸಿ. ಅದು ಎಲೆಯ ಹಸಿರಲ್ಲ, ನೀಲಿಗೆ ವಾಲಿದ ಹಸಿರು, ಸುಮಾರು 500 ನ್ಯಾನೊಮೀಟರಿನದು. ಕೆಂಪು-ಹಸಿರು ಭೇದ ಸರಿಯಾಗಿ ಕಾಣದವರಿಗೆ ಎಲೆಹಸಿರು ಮತ್ತು ಕೆಂಪು ಎರಡೂ ಒಂದೇ ಮಂಕು ಹಳದಿಯಂತೆ ತೋರಬಹುದು. ನೀಲಿ ಬೆರೆತಾಗ ಬೇರೆಯೆಂದು ತಿಳಿಯುತ್ತದೆ. ಕೆಂಪು ಯಾವಾಗಲೂ ಮೇಲೆ, ಹಸಿರು ಕೆಳಗೆ ಎಂಬ ಕ್ರಮವೂ ಅವರಿಗೆ ಆಸರೆ. ಸೌಮ್ಯ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡು ಇರುವವರಿಗೂ ಚಾಲನಾ ಪರವಾನಗಿ ಕೊಡಲು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಯಮ ಬದಲಿಸಿತು. ಅದು ತಡವಾಗಿ ಬಂದ ನ್ಯಾಯ. ಬಣ್ಣವನ್ನು ಕಣ್ಣು ಹೇಗೆ ಗ್ರಹಿಸುತ್ತದೆ ಎಂಬ ಪ್ರಶ್ನೆಗೆ ಈ ಭಾಗದಲ್ಲೇ ಒಬ್ಬರು ತಮ್ಮ ಇಳಿವಯಸ್ಸನ್ನು ಮೀಸಲಿಟ್ಟಿದ್ದರು. ಮೇಖ್ರಿ ಸರ್ಕಲ್ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯನ್ನು 1948ರಲ್ಲಿ ಕಟ್ಟಿದ ಸಿ.ವಿ. ರಾಮನ್ ಹೂವು, ರೇಷ್ಮೆ, ರತ್ನಗಳ ಬಣ್ಣಗಳನ್ನು ಪರೀಕ್ಷಿಸುತ್ತ, ದೃಷ್ಟಿಯ ಶರೀರಶಾಸ್ತ್ರದ ಬಗ್ಗೆ 1968ರಲ್ಲಿ ಒಂದು ಪುಸ್ತಕವನ್ನೇ ತಂದರು.

ಬಣ್ಣದ ಮಾತಾಯಿತು, ಇನ್ನು ಆಕಾರ. 2022ರಲ್ಲಿ ವಿಶ್ವ ಹೃದಯ ದಿನದ ಸಲುವಾಗಿ ಬೆಂಗಳೂರಿನ ಕೆಲವು ಜಂಕ್ಷನ್‌ಗಳಲ್ಲಿ ಕೆಂಪು ದೀಪಕ್ಕೆ ಹೃದಯದ ಆಕಾರ ಕೊಟ್ಟಿದ್ದರು. ಆ ಫೋಟೊಗಳು ದೇಶವಿಡೀ ಓಡಾಡಿದವು. ಲೆಕ್ಕ ಹಾಕಿದರೆ, 30 ಸೆಂ.ಮೀ. ಅಗಲದ ದೀಪ 100 ಮೀಟರ್ ದೂರದಿಂದ ಹುಣ್ಣಿಮೆ ಚಂದ್ರನ ಮೂರನೇ ಒಂದು ಭಾಗದಷ್ಟು ಕಾಣುತ್ತದೆ. ಅಲ್ಲಿಂದ ಮೊದಲು ತಿಳಿಯುವುದು ಬಣ್ಣ ಮತ್ತು ಜಾಗ; ಆಕಾರ ಆಮೇಲಿನ ಮಾತು. ಪ್ರಚಾರ ಒಳ್ಳೆಯ ಉದ್ದೇಶದ್ದೇ ಆದರೂ ಸಿಗ್ನಲ್ ದೀಪ ಎಲ್ಲೆಡೆ ಒಂದೇ ತೆರನಾಗಿರಬೇಕು ಎಂಬುದು ನನ್ನ ನಿಲುವು.

ಖಾಲಿ ರಸ್ತೆಯಲ್ಲಿ ವೇಗದ ಲೆಕ್ಕ ಹೇಳುತ್ತೇನೆಂದಿದ್ದೆ. ಹಳದಿ ಬಿದ್ದಾಗ ಚಾಲಕ ನಿಲ್ಲಬೇಕೆ, ದಾಟಬೇಕೆ ಎಂದು ತೀರ್ಮಾನಿಸಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಚಲಿಸುತ್ತದೆ. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಸಾಧಾರಣ ಬ್ರೇಕಿನಲ್ಲಿ ನಿಲ್ಲಲು ಇನ್ನೂ 32 ಮೀಟರ್. ಒಟ್ಟು 46 ಮೀಟರ್ ಬೇಕು. ಹಳದಿ 3 ಸೆಕೆಂಡ್ ಇದ್ದರೆ ಅದೇ ವೇಗದಲ್ಲಿ ಹೋದವರು ದಾಟುವುದು 42 ಮೀಟರ್. 42ಕ್ಕೂ 46ಕ್ಕೂ ನಡುವೆ ಸಿಕ್ಕವರಿಗೆ ನಿಲ್ಲಲೂ ಆಗದು, ಕೆಂಪು ಬೀಳುವ ಮೊದಲು ಗೆರೆ ತಲುಪಲೂ ಆಗದು. ಈ ಇಕ್ಕಟ್ಟಿನ ವಲಯವನ್ನು ಗಣಿತದಲ್ಲಿ ಬಿಡಿಸಿಟ್ಟವರು ಗೇಜಿಸ್, ಹರ್ಮನ್, ಮಾರಡುಡಿನ್ ಎಂಬ ಮೂವರು, 1960ರಲ್ಲಿ. ನಾಲ್ಕು ಮೀಟರ್ ದೊಡ್ಡದಲ್ಲ. ಹಬ್ಬದ ದಿನ ರಸ್ತೆ ಖಾಲಿ ಎಂದು ವೇಗ 70ಕ್ಕೆ ಏರಿತೆನ್ನಿ. ನಿಲ್ಲಲು 82 ಮೀಟರ್ ಬೇಕು, ಮೂರು ಸೆಕೆಂಡಿನಲ್ಲಿ ದಾಟುವುದು 58 ಮೀಟರ್. ಇಕ್ಕಟ್ಟು ಈಗ 24 ಮೀಟರ್ ಉದ್ದ, ಅಂದರೆ ಎರಡು ಬಿಎಂಟಿಸಿ ಬಸ್ಸುಗಳಷ್ಟು. ಹಳದಿಯ ಅವಧಿಯನ್ನು ಗೊತ್ತುಮಾಡುವುದು ಒಂದು ವೇಗವನ್ನು ಊಹಿಸಿಕೊಂಡು. ಆ ವೇಗ ಮೀರಿದವರಿಗೆ ಅದು ಸಾಲದು.

ಕಾಯುವ ಸಮಯಕ್ಕೂ ಒಂದು ಸೂತ್ರವಿದೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್.ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟದ್ದು. ಬಣ್ಣ ಬದಲಾಗುವಾಗ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, ಐದು ಕೂಡಿಸಿ, ರಸ್ತೆಯ ಧಾರಣಶಕ್ತಿಯಲ್ಲಿ ಬಳಕೆಯಾಗದೆ ಉಳಿದ ಪಾಲಿನಿಂದ ಭಾಗಿಸಿದರೆ, ಇಡೀ ಸುತ್ತು ಎಷ್ಟು ಸೆಕೆಂಡ್ ಇರಬೇಕೆಂಬುದು ಸಿಗುತ್ತದೆ. ನಾಲ್ಕು ದಿಕ್ಕಿನ ಜಂಕ್ಷನ್ನಿನಲ್ಲಿ 12 ಸೆಕೆಂಡ್ ವ್ಯರ್ಥ, ರಸ್ತೆ ಶೇಕಡಾ 85 ತುಂಬಿದೆ ಎಂದಿಟ್ಟುಕೊಂಡರೆ ಉತ್ತರ 153 ಸೆಕೆಂಡ್. ಶೇಕಡಾ 30 ಮಾತ್ರ ತುಂಬಿದ್ದರೆ 33. ಪಾದಚಾರಿಗಳು ದಾಟಲು ಬೇಕಾದ ಸಮಯ ಸೇರಿಸಿದರೂ ಒಂದು ನಿಮಿಷದ ಆಸುಪಾಸು ಸಾಕು. ಅದೇ ಹಳೆಯ ಸುತ್ತನ್ನು ಹಬ್ಬದ ದಿನವೂ ಓಡಿಸುವ ಸಿಗ್ನಲ್ ಮುಂದೆ ಖಾಲಿ ರಸ್ತೆ ನೋಡುತ್ತ ನಿಲ್ಲಬೇಕಾಗುವುದು ಇದರಿಂದ. ಮನುಷ್ಯ ಸಹನೆಗೆಟ್ಟು ಸಿಗ್ನಲ್ ಜಂಪ್ ಮಾಡುವುದೂ ಅಲ್ಲೇ. 2024ರಿಂದ ಬೆಂಗಳೂರಿನಲ್ಲಿ ಬರುತ್ತಿರುವ ಹೊಂದಾಣಿಕೆಯ ಸಿಗ್ನಲ್ಲುಗಳು ಸಿ-ಡ್ಯಾಕ್ ರೂಪಿಸಿದ ತಂತ್ರಾಂಶದಿಂದ ವಾಹನಗಳ ಸಾಲು ನೋಡಿ ಹಸಿರಿನ ಅವಧಿಯನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಇವು ಎಲ್ಲ ಜಂಕ್ಷನ್‌ಗಳಿಗೂ ಬರಬೇಕು.

ಬೋರ್ಡುಗಳನ್ನು ನೋಡಲು ಕತ್ತಲಾಗಬೇಕು. ಸಿಂಗಾಪುರದಿಂದ ಲಕ್ಷ್ಮೀಪುರದ ಕಡೆಗೋ ಅಬ್ಬಿಗೆರೆಯ ಕಡೆಗೋ ಹೋಗುವ ರಸ್ತೆಯಲ್ಲಿ ತಿರುವಿನ, ಹಂಪಿನ, ಶಾಲೆಯ ತ್ರಿಕೋನ ಬೋರ್ಡು ಕಂಡರೆ ಇಪ್ಪತ್ತು ಹೆಜ್ಜೆ ದೂರ ನಿಂತು ಫೋನಿನ ಟಾರ್ಚು ಹಚ್ಚಿ. ಫೋನನ್ನು ಕೆನ್ನೆಗೆ ಒತ್ತಿ ಹಿಡಿದರೆ ಬೋರ್ಡು ಝಗ್ಗನೆ ಹೊಳೆಯುತ್ತದೆ. ಅದೇ ಟಾರ್ಚನ್ನು ಕೈ ಚಾಚಿ ಪಕ್ಕಕ್ಕೆ ಹಿಡಿದು ಬೋರ್ಡಿನತ್ತಲೇ ಬಿಟ್ಟರೆ ಹೊಳಪು ಕುಗ್ಗುತ್ತದೆ. ಬೆಳಕು ಅಷ್ಟೇ, ದೂರ ಅಷ್ಟೇ. ಬದಲಾದದ್ದು ದೀಪಕ್ಕೂ ಕಣ್ಣಿಗೂ ನಡುವಿನ ಕೋನ ಮಾತ್ರ. ಕನ್ನಡಿ ಬೆಳಕನ್ನು ಬೇರೆಲ್ಲಿಗೋ ಕಳಿಸುತ್ತದೆ. ಈ ಹಾಳೆ ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತದೆ. ಅದಕ್ಕಾಗಿಯೇ ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಬೋರ್ಡು ಬೆಳ್ಳಗೆ ಸುಟ್ಟುಹೋಗುತ್ತದೆ: ಫ್ಲ್ಯಾಷ್ ಇರುವುದು ಲೆನ್ಸಿನ ಮಗ್ಗುಲಲ್ಲೇ. ಲಾರಿಯ ಚಾಲಕ ತನ್ನ ಹೆಡ್‌ಲೈಟಿಗಿಂತ ತುಂಬ ಎತ್ತರದಲ್ಲಿ ಕೂರುವುದರಿಂದ ಕಾರಿನವರಿಗಿಂತ ಅವನಿಗೆ ಬೋರ್ಡು ಮಂಕಾಗಿಯೇ ಕಾಣುತ್ತದೆ.

ಹಗಲಲ್ಲಿ ಹತ್ತಿರ ಹೋಗಿ ಆ ಹಾಳೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಸಣ್ಣ ಷಟ್ಕೋನಗಳ ಅಥವಾ ವಜ್ರಾಕೃತಿಗಳ ಜಾಲ ಕಾಣುತ್ತದೆ. ಹಳೆಯ ಬಗೆಯ ಹಾಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ, ಹೊಸ ಬಗೆಯವುಗಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಪಟ್ಟಕಗಳು. ಪಟ್ಟಕದ ಮೂಲೆಯಲ್ಲಿ ಮೂರು ಮುಖಗಳು ಒಂದಕ್ಕೊಂದು ಲಂಬವಾಗಿ ಸೇರುತ್ತವೆ, ಕೋಣೆಯ ಎರಡು ಗೋಡೆ ಮತ್ತು ನೆಲ ಸೇರುವಂತೆ. ಯಾವ ಕಡೆಯಿಂದ ಬಂದ ಕಿರಣವಾದರೂ ಮೂರು ಮುಖಗಳಿಗೂ ಬಡಿದು, ಬಂದ ದಿಕ್ಕಿಗೇ ಸಮಾನಾಂತರವಾಗಿ ಮರಳುತ್ತದೆ. ರಸ್ತೆಯ ಬಿಳಿ ಪಟ್ಟೆಯ ಮೇಲೆ ಚೆಲ್ಲುವ ಗಾಜಿನ ಮಣಿಗಳೂ, ವಾಹನಗಳ ನಂಬರ್ ಪ್ಲೇಟಿನ ಹಾಳೆಯೂ ಹೀಗೆಯೇ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತವೆ.

ಈ ಮೂಲೆ-ಪಟ್ಟಕದ ಕತೆ ಚಂದ್ರನವರೆಗೂ ಹೋಗುತ್ತದೆ. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿದುದನ್ನು ನಿಯಂತ್ರಿಸಿದ್ದು ಅಲ್ಲಿಂದಲೇ. ವಿಕ್ರಮ್‌ನ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಗುಮ್ಮಟವಿದೆ, ಸುಮಾರು 5 ಸೆಂ.ಮೀ. ಅಗಲ, ಅದರಲ್ಲಿ ಎಂಟು ಮೂಲೆ-ಪಟ್ಟಕಗಳು. ಆ ವರ್ಷದ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ನಾಸಾದ ನೌಕೆ ಸುಮಾರು 100 ಕಿ.ಮೀ. ದೂರದಿಂದ ಅದರತ್ತ ಲೇಸರ್ ಹಾಯಿಸಿ, ಮರಳಿದ ಬೆಳಕನ್ನು ಹಿಡಿಯಿತು. ಬ್ಯಾಟರಿ ಬೇಡ, ವೈರು ಬೇಡ. ಸಿಂಗಾಪುರದ ತಿರುವಿನ ಬೋರ್ಡಿಗೂ ಚಂದ್ರನ ಮೇಲಿನ ವಿಕ್ರಮ್‌ಗೂ ಒಂದೇ ಜ್ಯಾಮಿತಿ.

ಹೊಳಪು ಹೆಚ್ಚಿದ್ದರೆ ಸಾಲದು, ಓದಲೂ ಬರಬೇಕು. ಕನ್ನಡದ ಬೋರ್ಡುಗಳ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ. ಆರೋಗ್ಯವಂತ ಕಣ್ಣು 100 ಮೀಟರ್ ದೂರದಿಂದ ಒಂದು ಸರಳ ಅಕ್ಷರವನ್ನು ಗುರುತಿಸಲು ಅದು ಸುಮಾರು 14.5 ಸೆಂ.ಮೀ. ಎತ್ತರ ಇರಬೇಕು. ಕಣ್ಣಿನ ಪರೀಕ್ಷೆಯ ಪಟ್ಟಿಯಲ್ಲಿರುವ ಇಂಗ್ಲಿಷ್ ಅಕ್ಷರವನ್ನು ಎತ್ತರದಲ್ಲಿ ಐದು ಭಾಗ ಮಾಡಿ, ಒಂದೊಂದು ಭಾಗವೂ ಕಣ್ಣಿಗೆ ಬೇರ್ಪಡಬೇಕೆಂಬ ಲೆಕ್ಕ ಅದು. ಕನ್ನಡದಲ್ಲಿ ಲಕ್ಷ್ಮೀಪುರ ಎಂದು ಬರೆಯಿರಿ. 'ಕ್ಷ್ಮೀ' ಎಂಬಲ್ಲಿ ಮೂಲಾಕ್ಷರ, ಅದರ ಮೇಲಿನ ಗುಡಿಸು, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ ಎಲ್ಲವೂ ಒಂದೇ ಅಕ್ಷರದ ಜಾಗದಲ್ಲಿ ಸೇರಿವೆ. ಕನ್ನಡ ಸಾಲಿಗೂ ಇಂಗ್ಲಿಷ್ ಸಾಲಿಗೂ ಒಟ್ಟು ಎತ್ತರ ಒಂದೇ ಎಂದು ಕೊಟ್ಟರೆ, ಒತ್ತಕ್ಷರಕ್ಕೆ ಜಾಗ ಬಿಟ್ಟುಕೊಟ್ಟು ಮೂಲಾಕ್ಷರ ಕುಗ್ಗಲೇಬೇಕು. ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ಇವುಗಳ ವ್ಯತ್ಯಾಸವಂತೂ ಒಂದು ಸಣ್ಣ ಗೀಟಿನಷ್ಟು.

ರಾತ್ರಿ ಇದು ಇನ್ನೂ ಬಿಗಡಾಯಿಸುತ್ತದೆ. ಹಸಿರು ಹಿನ್ನೆಲೆಯ ಬಿಳಿ ಅಕ್ಷರಗಳು ಹೆಡ್‌ಲೈಟಿಗೆ ಹೊಳೆದಾಗ ಬೆಳಕು ಅಂಚು ಮೀರಿ ಹರಡುತ್ತದೆ. ವಯಸ್ಸಾದ ಕಣ್ಣಿಗೆ ಇನ್ನೂ ಹೆಚ್ಚು. ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಇದೇ ತೊಂದರೆಗೆ ಅಮೆರಿಕದಲ್ಲಿ ಅಕ್ಷರಗಳ ಹೊಟ್ಟೆಯನ್ನು ಅಗಲಿಸಿ ಕ್ಲಿಯರ್‌ವ್ಯೂ ಎಂಬ ಹೊಸ ಫಾಂಟ್ ರೂಪಿಸಿದರು. 2004ರಲ್ಲಿ ಅದಕ್ಕೆ ಹೆದ್ದಾರಿಗಳಲ್ಲಿ ತಾತ್ಕಾಲಿಕ ಅನುಮತಿಯೂ ಸಿಕ್ಕಿತು. ಕನ್ನಡದಷ್ಟು ದುಂಡಗಿನ, ಒಳಜಾಗ ಹೆಚ್ಚಿರುವ ಲಿಪಿಗೆ ಇಂಥ ಕೆಲಸ ಅವರಿಗಿಂತ ಮೊದಲು ಆಗಬೇಕಿತ್ತು. ಬೋರ್ಡಿಗೆ ಬೇಕಾದ ಫಾಂಟ್ ಪುಸ್ತಕದ್ದೂ ಅಲ್ಲ, ಮದುವೆ ಕಾಗದದ್ದೂ ಅಲ್ಲ. ಗೆರೆ ತೆಳುವಾಗಿ, ಒತ್ತಕ್ಷರ ದೊಡ್ಡದಾಗಿ, ಒಳಜಾಗ ತೆರೆದಿರುವ ಬೇರೆಯದೇ ಅಕ್ಷರ ಬೇಕು. ಕನ್ನಡ ಸಾಲಿನ ಎತ್ತರವನ್ನು ಮೂಲಾಕ್ಷರದಿಂದ ಅಳೆಯಬೇಕು, ಒತ್ತನ್ನು ಸೇರಿಸಿ ಅಲ್ಲ.

ಮುಂದಿನ ಹಬ್ಬಕ್ಕೆ ಊರಲ್ಲೇ ಉಳಿದರೆ ನಿಮ್ಮ ಬಡಾವಣೆಯ ಬೋರ್ಡುಗಳ ಮುಂದೆ ಸಂಜೆ ಒಮ್ಮೆ ಹೋಗಿ. ಪ್ರತಿಯೊಂದಕ್ಕೂ ಎರಡು ಫೋಟೊ ತೆಗೆಯಿರಿ, ಫ್ಲ್ಯಾಷ್ ಇಲ್ಲದೆ ಒಂದು, ಫ್ಲ್ಯಾಷ್ ಹಾಕಿ ಒಂದು. ಕೆಂಪು ಅಂಚು ಬಿಸಿಲಿಗೆ ಮಾಸಿ ತಿಳಿಗುಲಾಬಿಯಾಗಿದ್ದರೆ, ಫ್ಲ್ಯಾಷಿಗೆ ಹಾಳೆ ಹೊಳೆಯದಿದ್ದರೆ, ಆ ಬೋರ್ಡು ರಾತ್ರಿಯ ಚಾಲಕನಿಗೆ ಇಲ್ಲದಂತೆಯೇ. ಎರಡೂ ಫೋಟೊಗಳ ಜೊತೆ ಜಾಗದ ಗುರುತು, ತಾರೀಖು ಬರೆದು ಪಾಲಿಕೆಗೋ ಸಂಚಾರ ಪೊಲೀಸರಿಗೋ ಕಳಿಸಿ, ಹಾಳೆ ಬದಲಿಸುವಂತೆ ಕೇಳಿ.